ಸಂಪುಟ ಆರು, ಪುಟ 212

ಜನವರಿ 8, ಸೋಮವಾರ

ಶುಕ್ರವಾರ ಸಂಜೆ ಗೇಟಿನ ಕಾವಲುಗಾರನಿಗೆ "ಬರ್ತೀನಪ್ಪ" ಎಂದದ್ದೇ ಕೊನೆ. ಇವತ್ತು ಬೆಳಿಗ್ಗೆ ಅದೇ ಗೇಟಿನಲ್ಲಿ ಅವನು ನಮಸ್ಕಾರ ಹೇಳಿದಾಗ ಬಾಯಿ ತೆರೆದರೆ ಸ್ವರ ಹೊರಡಲಿಲ್ಲ. ಎರಡು ದಿನ ಯಾರ ಜೊತೆಗೂ ಮಾತಾಡದಿದ್ದರೆ ಗಂಟಲಿಗೂ ತುಕ್ಕು ಹಿಡಿಯುತ್ತದೆ. ಕೆಮ್ಮಿ ಸರಿಮಾಡಿಕೊಂಡು ಗ್ರಂಥಾಲಯದೊಳಗೆ ಹೋದರೆ ನನ್ನ ಮೇಜಿನ ಪಕ್ಕಕ್ಕೆ ಇನ್ನೊಂದು ಮೇಜು ಬಂದಿತ್ತು. ಅದರ ಹಿಂದೆ ಒಬ್ಬ ಹುಡುಗಿ, ಕಿವಿಗೆ ಏನೋ ಸಿಕ್ಕಿಸಿಕೊಂಡು, ನನ್ನ ಬಿಸ್ಕತ್ತಿನ ಡಬ್ಬಿಗೆ ತಾಗಿಸಿ ತನ್ನ ನೀರಿನ ಬಾಟಲಿ ಇಟ್ಟುಕೊಂಡು ಕೂತಿದ್ದಳು.

ಮುಖ್ಯಸ್ಥರು ಬಂದು ಪರಿಚಯ ಮಾಡಿಸಿದರು. "ಇವರು ಉಲ್ಲೇಖ ಸೂಚಿ ಮಾಡೋ ಪ್ರೋಗ್ರಾಂ ತಂದಿದ್ದಾರೆ. ನೀವು ಸ್ವಲ್ಪ ಸಹಕರಿಸಬೇಕು." ಸಹಕರಿಸುವುದು ಎಂದರೆ ಜಾಗ ಖಾಲಿ ಮಾಡುವುದು ಎಂದು ನನಗೆ ಗೊತ್ತಿಲ್ಲವೇ.

ಹುಡುಗಿ ನನ್ನ ಕೆಲಸ ಏನೆಂದು ಕೇಳಿದಳು. ತಂಗಿಗೆ ಇಪ್ಪತ್ತಾರು ವರ್ಷದಿಂದ ಹೇಳಿ ಹೇಳಿ ಸೋತಿದ್ದೇನೆ, ಇವಳಿಗೂ ಹೇಳಿದೆ. ವಿಜ್ಞಾನಿಗಳು ಪ್ರಬಂಧ ಬರೆದಾಗ ತಾವು ಯಾರ ಯಾರ ಕೆಲಸವನ್ನು ಬಳಸಿಕೊಂಡೆವು ಎಂದು ಕೊನೆಯ ಪುಟದಲ್ಲಿ ಪಟ್ಟಿ ಕೊಡುತ್ತಾರೆ. ಆ ಪಟ್ಟಿಯ ಒಂದೊಂದು ಹೆಸರಿಗೂ ನಾನು ಒಂದೊಂದು ಕಾರ್ಡು ಮಾಡುತ್ತೇನೆ: ಯಾರನ್ನು ಯಾರು ಉಲ್ಲೇಖಿಸಿದರು, ಯಾವ ಜರ್ನಲ್, ಯಾವ ಸಂಪುಟ, ಯಾವ ಪುಟ. ಹಾಗಾಗಿ ತನ್ನ ಬರಹವನ್ನು ಲೋಕದಲ್ಲಿ ಯಾರಾದರೂ ನೆನೆದರೇ ಎಂದು ತಿಳಿಯಬೇಕಾದವರು ನನ್ನ ಡ್ರಾ ತೆಗೆಸಿ ನೋಡುತ್ತಾರೆ. ಇಲ್ಲಿ ನನ್ನ ಹೆಸರು ಮರೆತು ಎಲ್ಲರೂ ಕಾರ್ಡಕ್ಕ ಅನ್ನುತ್ತಾರೆ.

"ಅದನ್ನೇ ಇದೂ ಮಾಡುತ್ತೆ ಮೇಡಂ," ಎಂದಳು. ಪ್ರೋಗ್ರಾಂ ತಾನೇ ಅಂತರಜಾಲದಲ್ಲಿ ಅಲೆಯುತ್ತದಂತೆ, ಸಿಕ್ಕ ಪ್ರಬಂಧಗಳನ್ನೆಲ್ಲ ತರುತ್ತದಂತೆ, ಪಟ್ಟಿ ಓದಿ ಯಾರು ಯಾರನ್ನು ಎಂದು ತಾನೇ ಹೊಂದಿಸುತ್ತದಂತೆ. ಮೊನ್ನೆ ಒಂದೇ ದಿನಕ್ಕೆ ಮೂವತ್ತು ಸಾವಿರ. ನಾನು ಇವತ್ತು ಮಾಡಿದ್ದು ನಲವತ್ತೊಂದು ಕಾರ್ಡು.

ಯಂತ್ರ ಸರಿಯಾಗಿ ಓದುತ್ತಿದೆಯೇ ಎಂದು ಪರೀಕ್ಷಿಸಲು ನನ್ನ ಒಂದು ಡ್ರಾ ಬೇಕಂತೆ. "ನಿಮ್ಮ ಕಾರ್ಡಲ್ಲಿ ಇಷ್ಟು ವರ್ಷಕ್ಕೆ ಒಂದು ತಪ್ಪು ಕಂಡವರಿಲ್ಲವಂತೆ. ಅದೇ ನಮ್ಮ ಉತ್ತರಪತ್ರಿಕೆ." ಸಸ್ಯಶಾಸ್ತ್ರದ ಡ್ರಾ ಎಳೆದಳು. ಭೂಗರ್ಭದ್ದು ತಗೊಳ್ಳಿ, ಅಕ್ಷರ ಇನ್ನೂ ಚೆನ್ನಾಗಿದೆ ಎಂದೆ. ಇದೇ ಇರಲಿ ಎಂದಳು. 3,640 ಕಾರ್ಡುಗಳು. ಹೆಚ್ಚು ಒತ್ತಾಯ ಮಾಡಿದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಆಗುತ್ತಿತ್ತು. ಸುಮ್ಮನಾದೆ.

ಜನವರಿ 11, ಗುರುವಾರ

ನೀಲಿ ಸೀರೆಗೆ ಇಸ್ತ್ರಿ ಹಾಕಿ ಉಟ್ಟು ಹೋದೆ. 

ಹನ್ನೊಂದಕ್ಕೆ ಸರಿಯಾಗಿ ಪಾಚಿ ಮೇಷ್ಟ್ರು ಬಂದರು. ಮೇಷ್ಟ್ರು ಅಂತ ಕರೆಯುತ್ತೇವೆಯೇ ಹೊರತು ಅವರು ಯಾರಿಗೂ ಪಾಠ ಹೇಳಿದವರಲ್ಲ. ನಮ್ಮ ಸಂಸ್ಥೆಯಲ್ಲೇ ಸಂಶೋಧಕರಾಗಿದ್ದು ಹನ್ನೆರಡು ವರ್ಷದ ಹಿಂದೆ ನಿವೃತ್ತರಾದರು. ಗೋಡೆ ಮೇಲೆ ಬೆಳೆಯುವ ಹಾವಸೆಯನ್ನು ಊರಿನ ಗೋಡೆ ಗೋಡೆ ಸುತ್ತಿ ಅಳೆದವರು. ಅಚ್ಚಾದದ್ದು ಒಂದೇ ಪ್ರಬಂಧ, 'ಗೋಡೆಯ ಹಾವಸೆ ಮತ್ತು ತೇವ', ಇಪ್ಪತ್ಮೂರು ವರ್ಷದ ಹಿಂದೆ. ಅಂದಿನಿಂದ ಪ್ರತಿ ಗುರುವಾರ ಬಂದು "ಏನಾದ್ರೂ ಬಂತಾ ಅಮ್ಮ?" ಎಂದು ಕೇಳುತ್ತಾರೆ. "ಇಲ್ಲ ಮೇಷ್ಟ್ರೇ" ಎನ್ನುತ್ತೇನೆ. "ಆಯ್ತು, ಮುಂದಿನ ವಾರ ನೋಡೋಣ" ಎಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತು ಒಂದು ಗಂಟೆ ಪತ್ರಿಕೆ ಓದಿ ಹೋಗುತ್ತಾರೆ. ನಮ್ಮ ಮಾತುಕತೆ ಇಷ್ಟೇ.

ಇವತ್ತು ಅಷ್ಟಕ್ಕೇ ಮುಗಿಯಲಿಲ್ಲ. ಹುಡುಗಿ ಕಿವಿಯಿಂದ ಅದನ್ನು ತೆಗೆದು, "ಸರ್, ಇಲ್ನೋಡಿ" ಎಂದು ಅವರನ್ನು ಕರೆದಳು. ಅವಳ ಯಂತ್ರ ಯಾರು ಉಲ್ಲೇಖಿಸಿದರು ಎಂದಷ್ಟೇ ಹೇಳುವುದಿಲ್ಲವಂತೆ. ಪ್ರಬಂಧದ ಒಳಗೆ ಹೊಕ್ಕು, ಆ ಹೆಸರು ಬರುವ ವಾಕ್ಯವನ್ನೇ ಎತ್ತಿ ತೋರಿಸುತ್ತದಂತೆ. ಹೊಗಳಿದರೇ, ಬೈದರೇ, ಸುಮ್ಮನೆ ಹೆಸರು ಹಾಕಿದರೇ, ಎಲ್ಲ ಗೊತ್ತಾಗುತ್ತದೆ.

ಮೇಷ್ಟ್ರು ಮೂಗು ಪರದೆಗೆ ತಾಗುವ ಹಾಗೆ ಬಗ್ಗಿ ನೋಡಿದರು. ಆಮೇಲೆ ಮೆಲ್ಲಗೆ, "ನಂದೂ ಒಂದಿದೆ," ಎಂದರು. "ಹದಿನಾಲ್ಕು ವರ್ಷದ ಹಿಂದೆ ಒಬ್ಬರು ಉಲ್ಲೇಖ ಮಾಡಿದ್ದಾರೆ. ಅಮ್ಮನೇ ಕಾರ್ಡು ಮಾಡಿದ್ದು. ಆದ್ರೆ ಕೊನೇ ಪುಟದ ಪಟ್ಟಿ ಮಾತ್ರ ಹೊರಗಿಂದ ಬಂದಿತ್ತಂತೆ, ಆ ಸಂಚಿಕೆ ನಮ್ಮಲ್ಲಿಗೆ ಬರಲೇ ಇಲ್ಲ, ಏನು ಬರೆದಿದ್ದಾರೋ ನೋಡಕ್ಕಾಗಲಿಲ್ಲ. ಸಂಪುಟ ಆರು, ಪುಟ ಇನ್ನೂರ ಹನ್ನೆರಡು." ನೋಡದೆ ಹೇಳಿದರು.

"ಮುಂದಿನ ಗುರುವಾರ ಬನ್ನಿ ಸರ್, ವಾಕ್ಯ ತೆಗೆದಿಟ್ಟಿರ್ತೀನಿ," ಎಂದಳು ಮಹಾತಾಯಿ.

ಆ ವಾಕ್ಯ ಎಲ್ಲೂ ಇಲ್ಲ. ಆ ಪ್ರಬಂಧವೇ ಇಲ್ಲ. ಆ ಕಾರ್ಡು ಸುಳ್ಳು.

ಇದನ್ನು ಇದುವರೆಗೆ ಈ ಪುಸ್ತಕದಲ್ಲೂ ಬರೆದವಳಲ್ಲ. ಒಂಬತ್ತು ವರ್ಷ ಪ್ರತಿ ಗುರುವಾರ ಇಲ್ಲ, ಇಲ್ಲ ಎಂದೆ. ಒಂದು ಗುರುವಾರ ಅವರು, "ಶನಿವಾರ ಪೊಟ್ಟಣಗಳನ್ನೆಲ್ಲ ಎಸೆದುಬಿಡ್ತೀನಿ ಅಮ್ಮ. ಸಾಕು," ಎಂದರು. ಒಣಗಿಸಿದ ಹಾವಸೆಯನ್ನು ಅವರು ಕಾಗದದ ಪೊಟ್ಟಣಗಳಲ್ಲಿ ಇಡುತ್ತಾರೆ, ಸಾವಿರಕ್ಕೂ ಹೆಚ್ಚು ಇವೆ. ಅವರು ಪತ್ರಿಕೆ ಹಿಡಿದು ಕೂತಿದ್ದಾಗ ನಾನು ಟೈಪ್‌ರೈಟರಿಗೆ ಒಂದು ಕಾರ್ಡು ಸಿಕ್ಕಿಸಿದೆ. ನಿಂತುಹೋದ ಒಂದು ದೂರದ ಜರ್ನಲ್ ಆರಿಸಿಕೊಂಡೆ, ಯಾರೂ ಹುಡುಕಲಾರರು ಎಂದು. ಎರಡು ಅಕ್ಷರದ ಹೆಸರಿಟ್ಟು ಒಬ್ಬ ಲೇಖಕನನ್ನು ಹುಟ್ಟಿಸಿದೆ. ಪುಟಸಂಖ್ಯೆಗೆ ನಾನು ದಿನಾ ಬರುವ ಬಸ್ಸಿನ ನಂಬರು. "ಮೇಷ್ಟ್ರೇ, ಬಂತು," ಎಂದೆ.

ಅವರು ಕಾರ್ಡನ್ನು ಎರಡು ಕೈಯಲ್ಲಿ ಹಿಡಿದು ಓದಿದರು, ಪುಟ್ಟ ನೋಟುಪುಸ್ತಕ ತೆಗೆದು ಬರೆದುಕೊಂಡರು. ಪೊಟ್ಟಣ ಎಸೆಯಲಿಲ್ಲ. ಎಸೆದಿದ್ದರೆ ಗುರುವಾರ ಬರುವುದಕ್ಕೆ ಅವರಿಗೆ ಕಾರಣವೂ ಇರುತ್ತಿರಲಿಲ್ಲ.

ಜನವರಿ 14, ಭಾನುವಾರ

ತಂಗಿ ಫೋನ್ ಮಾಡಿದಳು. "ಏನಕ್ಕ ಸಮಾಚಾರ?" "ಏನಿಲ್ಲ." "ಊಟ ಆಯ್ತಾ?" "ಆಯ್ತು." ನಾಲ್ಕು ನಿಮಿಷ. ಸಂಜೆಯವರೆಗೂ ಮೇಲಿನ ಮನೆಯವರ ರೇಡಿಯೋ ಕೇಳುತ್ತ ಕೂತೆ. ಅವರು ಊರಿಗೆ ಹೋದಾಗ ನನ್ನ ಮನೆಯಲ್ಲೂ ಸದ್ದಿರುವುದಿಲ್ಲ.

ಜನವರಿ 17, ಬುಧವಾರ

ಯಂತ್ರದ ಪರೀಕ್ಷೆ ಮುಗಿಯಿತು. 3,640ರಲ್ಲಿ ಮೂವತ್ತೇಳನ್ನು ಅದು ಕಾಣಲಿಲ್ಲ. ಹುಡುಗಿ ಆ ಮೂವತ್ತೇಳನ್ನೂ ಮುಂದಿಟ್ಟುಕೊಂಡು ಕಾರಣ ಹುಡುಕಿದಳು. ಒಂದು ಕಡೆ ಅಚ್ಚಿಗೆ ಮಸಿ ಮೆತ್ತಿತ್ತು, ಒಂದು ಕಡೆ ಒಬ್ಬನೇ ಲೇಖಕನನ್ನು ಅದು ಇಬ್ಬರು ಮಾಡಿತ್ತು, ಒಂದು ಕಡೆ ತಂದೆ ಮಗ ಇಬ್ಬರನ್ನೂ ಒಬ್ಬರು ಮಾಡಿತ್ತು. ಆ ತಂದೆ ಮಗ ಮಾತು ಬಿಟ್ಟು ಇಪ್ಪತ್ತು ವರ್ಷವಾಗಿದೆ, ಯಂತ್ರವಾದರೂ ಒಂದುಗೂಡಿಸಿತಲ್ಲ ಎಂದೆ. ಹುಡುಗಿ ನಕ್ಕಳು. ಅವಳಿಗೆ ನಗಲು ಬರುತ್ತದೆ ಎಂದು ಗೊತ್ತಿರಲಿಲ್ಲ.

ಸಂಜೆಗೆ ಮೂವತ್ತಾರಕ್ಕೆ ಕಾರಣ ಸಿಕ್ಕಿತು. ಒಂದು ಉಳಿಯಿತು. "ಇದು ಯಂತ್ರದ ತಪ್ಪೇ ಮೇಡಂ. ನಿಮ್ಮದಿರಲ್ಲ," ಎಂದಳು. ಅಷ್ಟು ನಂಬಿಕೆಯಿಂದ ಯಾರಾದರೂ ನನ್ನ ಬಗ್ಗೆ ಮಾತಾಡಿ ಎಷ್ಟು ಕಾಲವಾಯಿತೋ.

ಜನವರಿ 18, ಗುರುವಾರ

"ಇನ್ನೂ ಸಿಕ್ಕಿಲ್ಲ ಸರ್. ಆ ಜರ್ನಲ್ ಇಟ್ಟಿರೋ ಒಂದು ಗ್ರಂಥಾಲಯಕ್ಕೆ ಬರೆದಿದ್ದೀನಿ, ಫೋಟೋ ಕಳಿಸ್ತಾರೆ," ಎಂದಳು ಹುಡುಗಿ.

ಮೇಷ್ಟ್ರು ತಲೆಯಾಡಿಸಿ ನನ್ನ ಎದುರು ಕೂತರು. ಪತ್ರಿಕೆ ಬಿಡಿಸಲಿಲ್ಲ. "ಎಡಗಣ್ಣು ಹೋಗಿ ಎರಡು ವರ್ಷ ಆಯ್ತಮ್ಮ. ಈಗ ಬಲಗಣ್ಣಲ್ಲೂ ನಡುವೆ ಮಂಜು. ಮಾರ್ಚ್ ಕಳೆದ್ರೆ ಅಕ್ಷರ ಕಾಣಲ್ಲ ಅಂದ್ರು ಡಾಕ್ಟ್ರು. ಅಷ್ಟರೊಳಗೆ ಆ ಒಂದು ವಾಕ್ಯ ಕಣ್ಣಾರೆ ನೋಡ್ಬೇಕು. ಇನ್ನೊಬ್ಬರು ಓದಿ ಹೇಳಿದ್ರೆ ಅಷ್ಟು ನಂಬಿಕೆ ಬರಲ್ಲ ನೋಡಿ," ಎಂದರು.

ಎದ್ದು ಹೋಗಿ ಕೈ ತೊಳೆದು ಬಂದೆ. ಬರುವಷ್ಟರಲ್ಲಿ ಅವರು ಹೋಗಿದ್ದರು.

ಜನವರಿ 22, ಸೋಮವಾರ

ಒಂದು ಸುಳ್ಳಿಗೆ ಹತ್ತು ಸುಳ್ಳು ಎಂದು ದೊಡ್ಡವರು ಹೇಳಿದ್ದು ಸುಮ್ಮನೆ ಅಲ್ಲ. ನಿನ್ನೆ ಇಡೀ ದಿನ ಕೂತು ಆ ಇಲ್ಲದ ಲೇಖಕನ ವಾಕ್ಯ ಬರೆದೆ. ದೂರದಿಂದ ನೆರಳಚ್ಚು ಬಂತು ಎಂದು ಟೈಪು ಮಾಡಿ ಕೊಟ್ಟರೆ ಮುಗಿಯಿತು. ಮೊದಲನೆಯದು ತೀರ ಹೊಗಳಿಕೆ, ಮದುವೆ ಗಂಡಿನ ಬಗ್ಗೆ ದಲ್ಲಾಳಿ ಹೇಳಿದಂತಿತ್ತು. ಎರಡನೆಯದು ಒಣಕಲು. ಮೂರನೆಯದು ಹೀಗಿದೆ:

"ಗೋಡೆಯ ತೇವ ಹೆಚ್ಚಿದಂತೆಲ್ಲ ಹಾವಸೆಯೂ ಹೆಚ್ಚುತ್ತದೆ ಎಂಬುದನ್ನು ಇವರು ಬಹುಕಾಲದ ಅಳತೆಯಿಂದ, ಬಹಳ ಎಚ್ಚರದಿಂದ, ತೋರಿಸಿಕೊಟ್ಟಿದ್ದಾರೆ."

'ಬಹಳ ಎಚ್ಚರದಿಂದ' ಎಂಬುದನ್ನು ಅವರು ಎರಡು ಸಲ ಓದುತ್ತಾರೆ. ನನಗೆ ಗೊತ್ತು.

ಜನವರಿ 23

ಹರಿದು ಹಾಕಿದೆ. ಮತ್ತೆ ಬರೆದಿಟ್ಟೆ.

ಜನವರಿ 25, ಗುರುವಾರ

ಮೇಷ್ಟ್ರು ಬಂದರು, ಕೇಳಿದರು. ವಾಕ್ಯ ನನ್ನ ಚೀಲದಲ್ಲೇ ಇತ್ತು. ಕೊಡಲು ಕೈ ಬರಲಿಲ್ಲ. ಕಾಗದ ಇನ್ನೂ ಬಂದಿಲ್ಲ ಎಂದು ಹುಡುಗಿಯೇ ಹೇಳಿದಳು. ಮೇಷ್ಟ್ರು ಹೋದ ಮೇಲೆ ಅವಳು ನನ್ನನ್ನು ನೋಡಿ, "ಮೇಡಂ, ಹುಷಾರಿಲ್ವಾ?" ಎಂದಳು. ಹುಷಾರಾಗಿದ್ದೀನಿ ಎಂದೆ. ಅವಳ ಮಧ್ಯಾಹ್ನದ ಡಬ್ಬಿಯಿಂದ ಅರ್ಧ ಸೇಬು ಕೊಟ್ಟಳು. ಬೇಡ ಎನ್ನುವುದು ಮರೆತುಹೋಯಿತು, ತಿಂದೆ.

ಜನವರಿ 31, ಬುಧವಾರ

ಉತ್ತರ ಬಂತು.

ಹುಡುಗಿ ತನ್ನ ಕುರ್ಚಿಯನ್ನು ಎಳೆದುಕೊಂಡು ಬಂದು ನನ್ನ ಪಕ್ಕ ಕೂತಳು. "ಅಕ್ಕ, ಆ ಜರ್ನಲ್ ನಾಲ್ಕೇ ಸಂಪುಟಕ್ಕೆ ನಿಂತುಹೋಗಿದೆಯಂತೆ. ಆರನೇದು ಬರಲೇ ಇಲ್ಲ. ನೀವು ನಾಲ್ಕು ಅಂತ ಹೊಡೆಯೋಕೆ ಹೋಗಿ ಆರು ಹೊಡೆದಿದ್ದೀರಾ ಅಂತ ನಾಲ್ಕನ್ನೂ ತರಿಸಿ ನೋಡಿದೆ. ಅದರಲ್ಲಿ ಇನ್ನೂರ ಹನ್ನೆರಡನೇ ಪುಟಾನೇ ಇಲ್ಲ."

ಎಷ್ಟು ಕಷ್ಟಪಟ್ಟು ನನ್ನನ್ನು ಕಾಪಾಡಲು ನೋಡಿದ್ದಳು. ಬಾಗಿಲು ಹಾಕಿ ಬಾ ಎಂದೆ. ಹೇಳಿದೆ. ಹೇಳುವಾಗ ಅವಳ ಮುಖ ನೋಡಲಿಲ್ಲ, ಡ್ರಾದ ಹಿಡಿಕೆ ನೋಡುತ್ತಿದ್ದೆ. ಇಪ್ಪತ್ತಾರು ವರ್ಷದ ಕೆಲಸ, ಎಲ್ಲ ಬಣ್ಣ ಮಸಿ ನುಂಗಿತು ಎಂದೆ.

ಅವಳು ಆ ಕಾರ್ಡನ್ನು ಡ್ರಾದಿಂದ ತೆಗೆದು ಮೇಜಿನ ಮೇಲೆ ಮಗುಚಿಟ್ಟಳು. "ಪಟ್ಟಿಯಿಂದ ತೆಗೆದುಬಿಡ್ತೀನಿ. 3,639. ಯಾರಿಗೂ ಗೊತ್ತಾಗಲ್ಲ." ಇನ್ನಷ್ಟು ಯೋಚಿಸಿ, ದನಿ ತಗ್ಗಿಸಿ, "ಅಕ್ಕ, ಇನ್ನೊಂದು ದಾರಿ ಇದೆ. ಯಂತ್ರದೊಳಕ್ಕೆ ನಾನೇ ಕೈಯಾರೆ ಒಂದು ಪ್ರಬಂಧ ಸೇರಿಸಬಹುದು. ಎರಡು ನಿಮಿಷದ ಕೆಲಸ. ವಾಕ್ಯ ನೀವು ಹೇಳಿ. ನಾಳೆ ಸರ್ ಬಂದಾಗ ಪರದೆ ಮೇಲೆ ಬರುತ್ತೆ, ಕಣ್ಣಾರೆ ನೋಡ್ತಾರೆ. ಪಾಪ, ನೋಡಿಕೊಂಡು ಹೋಗ್ಲಿ," ಎಂದಳು.

ಆಗ ಅವಳ ಮುಖ ನೋಡಿದೆ. ಒಳ್ಳೆಯತನದಿಂದ ಕೆಂಪಾಗಿತ್ತು. ಹದಿನಾಲ್ಕು ವರ್ಷದ ಹಿಂದೆ ಟೈಪ್‌ರೈಟರಿನ ಮುಂದೆ ನನ್ನ ಮುಖವೂ ಹೀಗೇ ಇದ್ದಿರಬೇಕು. ಇವಳಿಗೆ ಇನ್ನೂ ಇಪ್ಪತ್ತೆಂಟು. ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಇವಳು ಎಷ್ಟು ಗುರುವಾರ ಕಳೆಯಬೇಕು.

"ಬೇಡ ಕಣೇ," ಎಂದೆ. "ನಿನ್ನ ಯಂತ್ರ ಹಾಳು ಮಾಡ್ಕೋಬೇಡ. ನಾಳೆ ನಾನೇ ಹೇಳ್ತೀನಿ."

ಫೆಬ್ರವರಿ 1, ಗುರುವಾರ

ಹೇಳಿದೆ.

ಹುಡುಗಿ ಮೊದಲೇ ಎದ್ದು ಹೊರಗೆ ಹೋದಳು. ಮೇಷ್ಟ್ರು "ಏನಾದ್ರೂ ಬಂತಾ ಅಮ್ಮ?" ಎನ್ನುವಷ್ಟರಲ್ಲೇ ಶುರು ಮಾಡಿದೆ, ತಡಮಾಡಿದರೆ ಆಗುವುದಿಲ್ಲ ಎಂದು. ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ ಮಾತಾಡಲಿಲ್ಲ. ಕಾರ್ಡು ಸುಳ್ಳು, ಜರ್ನಲ್ಲಿನ ಆ ಸಂಪುಟ ಇಲ್ಲ, ಲೇಖಕ ಇಲ್ಲ, ನಾನೇ ಹುಟ್ಟಿಸಿದ್ದು, ಎಂದೆ.

ಅವರು ಜೇಬಿನಿಂದ ನೋಟುಪುಸ್ತಕ ತೆಗೆದರು. ಪುಟ ಹುಡುಕಿ ಕಣ್ಣಿಗೆ ಹತ್ತಿರ ಹಿಡಿದರು. "ಪುಟಸಂಖ್ಯೆನೂ?"

"ನಾನು ಬರೋ ಬಸ್ಸಿನ ನಂಬರು ಮೇಷ್ಟ್ರೇ."

"ಓ." ಪುಸ್ತಕ ಮುಚ್ಚಿದರು. "ಹದಿನಾಲ್ಕು ವರ್ಷ ಆ ಮನುಷ್ಯನ ಜೊತೆ ಮಾತಾಡಿದ್ದೀನಿ ಅಮ್ಮ. ನಡೀತಾ ನಡೀತಾ. ನೀವು ಅಲ್ಲಿ ಏನು ನೋಡಿದ್ರಿ, ನಾನು ಇಲ್ಲಿ ಇದು ನೋಡಿದೆ ಅಂತ." ಬೈಯಲಿಲ್ಲ. ಎದ್ದು, ಕುರ್ಚಿಯನ್ನು ಮೇಜಿನೊಳಗೆ ಸರಿಸಿ, ಹೋದರು. ಮುಂದಿನ ವಾರ ನೋಡೋಣ ಎನ್ನಲಿಲ್ಲ.

ಫೆಬ್ರವರಿ 8, ಗುರುವಾರ

ಬರಲಿಲ್ಲ.

ಫೆಬ್ರವರಿ 15, ಗುರುವಾರ

ಬರಲಿಲ್ಲ. ಹನ್ನೊಂದರಿಂದ ಹನ್ನೆರಡರವರೆಗೆ ಎದುರಿನ ಕುರ್ಚಿಯಲ್ಲಿ ಯಾರೋ ವಿದ್ಯಾರ್ಥಿ ಕೂತ. ಅಲ್ಲಿಂದ ಏಳು ಎಂದು ಅವನಿಗೆ ಹೇಳಬೇಕೆನ್ನಿಸಿತು, ಯಾವ ಹಕ್ಕಿನಿಂದ ಹೇಳಲಿ.

ಅವರಿಗಾಗಿ ಮಾಡಿದೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ನನಗಾಗಿ ಮಾಡಿಕೊಂಡದ್ದು. ನನಗೆ ಆ ಗುರುವಾರ ಬೇಕಾಗಿತ್ತು. ವಾರದಲ್ಲಿ ಒಂದು ಗಂಟೆ, ಎದುರಿಗೆ ಒಬ್ಬರು ಪತ್ರಿಕೆ ಮಗುಚುವ ಸದ್ದು. ಅದಕ್ಕೆ ಅವರ ಹದಿನಾಲ್ಕು ವರ್ಷ ಖರ್ಚು ಮಾಡಿಸಿದೆ.

ಹುಡುಗಿ ಚಹಾ ತಂದು ಮುಂದಿಟ್ಟಳು. "ಅಕ್ಕ, ಆರುತ್ತೆ." ಎರಡು ಸಲ ಬಿಸಿ ಮಾಡಿಸಿ ತಂದಳು.

ಫೆಬ್ರವರಿ 18, ಭಾನುವಾರ

ನಾನೇ ತಂಗಿಗೆ ಫೋನ್ ಮಾಡಿದೆ. "ಏನಾಯ್ತು, ಯಾರಿಗೆ ಏನಾಯ್ತು?" ಎಂದು ಗಾಬರಿಯಾದಳು. ಏನಿಲ್ಲ ಎಂದು ಶುರುಮಾಡಿ ಎಲ್ಲ ಹೇಳಿದೆ. ಕಾರ್ಡು ಎಂದರೆ ಏನು ಎಂದು ಮತ್ತೆ ಮೊದಲಿಂದ ಹೇಳಬೇಕಾಯಿತು. ಈ ಸಲ ಅವಳಿಗೆ ಅರ್ಥವಾಯಿತು. "ಅಕ್ಕ, ನೀನು ಇಷ್ಟು ದಡ್ಡಿ ಅಂತ ಗೊತ್ತೇ ಇರ್ಲಿಲ್ಲ," ಎಂದಳು, ಆದರೆ ಫೋನ್ ಇಡಲಿಲ್ಲ. ಅವಳ ಮೊಣಕಾಲಿನ ನೋವು, ಅವಳ ಸೊಸೆಯ ಹೊಸ ಕೆಲಸ, ಎಲ್ಲ ಕೇಳಿದೆ. ಕಿವಿ ಬಿಸಿಯಾಗಿತ್ತು.

ಫೆಬ್ರವರಿ 22, ಗುರುವಾರ

ಬಂದರು. ಹನ್ನೊಂದಕ್ಕಲ್ಲ, ಮೂರು ಗಂಟೆಗೆ. ಕಪಾಟುಗಳ ಅಂಚು ಹಿಡಿದು ಹಿಡಿದು ಬಂದರು. ಹುಡುಗಿ ಓಡಿ ಹೋಗಿ ಕೈ ಹಿಡಿಯಲು ನೋಡಿದಳು, ಬೇಡ ಎಂದರು.

ಕೂತು, ನನ್ನ ಕಡೆಗೆ ಮುಖ ಮಾಡಿ, "ಆ ವಾಕ್ಯ ಏನಂತ ಬರೆದಿದ್ರಿ?" ಎಂದರು.

"ಯಾವ ವಾಕ್ಯ ಮೇಷ್ಟ್ರೇ?"

"ನನಗೆ ಕಣ್ಣು ಹೋಗ್ತಿದೆ ಅಮ್ಮ, ಬುದ್ಧಿ ಹೋಗಿಲ್ಲ. ನಾನು ಮೂರು ವಾರ ವಾಕ್ಯ ವಾಕ್ಯ ಅಂತ ಪ್ರಾಣ ತಿಂದೆ. ನೀವು ಬರೆಯದೆ ಇದ್ದಿರಲ್ಲ. ಓದಿ."

ಚೀಲದಲ್ಲಿತ್ತು. ಓದಿದೆ. ಗೋಡೆಯ ತೇವ ಹೆಚ್ಚಿದಂತೆಲ್ಲ ಹಾವಸೆಯೂ ಹೆಚ್ಚುತ್ತದೆ ಎಂಬುದನ್ನು ಇವರು ಬಹುಕಾಲದ ಅಳತೆಯಿಂದ... ಪೂರ್ತಿ ಓದಿದೆ. 'ಬಹಳ ಎಚ್ಚರದಿಂದ' ಎನ್ನುವಾಗ ನಾಲಿಗೆ ತೊಡರಿತು.

"ಇನ್ನೊಂದ್ಸಲ ಓದಿ."

ಓದಿದೆ.

"ನನ್ನ ಪ್ರಬಂಧ ಹೇಳೋದು ಇದರ ತದ್ವಿರುದ್ಧ," ಎಂದರು. "ಎಲ್ಲರೂ ಹಾಗೇ ಅಂದುಕೊಂಡಿದ್ರು, ತೇವ ಇದ್ದಷ್ಟೂ ಹಾವಸೆ ಅಂತ. ಅಲ್ಲ ಅಂತ ತೋರಿಸೋಕೆ ನನಗೆ ಹನ್ನೊಂದು ವರ್ಷ ಹಿಡೀತು. ಈ ಜಾತಿಗೆ ನಡುನಡುವೆ ಗೋಡೆ ಪೂರ್ತಿ ಒಣಗಬೇಕು. ಯಾವಾಗಲೂ ಒದ್ದೆಯಾಗಿದ್ರೆ ಕೊಳೆತುಹೋಗುತ್ತೆ. ಮೊದಲನೇ ಪುಟದಲ್ಲೇ ಇದೆ. ನೀವು ಓದಿಲ್ಲ."

"ಇಲ್ಲ ಮೇಷ್ಟ್ರೇ. ನಾವು ಕೊನೇ ಪುಟ ಮಾತ್ರ ನೋಡೋದು. ಪಟ್ಟಿ ಇರೋದು ಅಲ್ಲಿ."

"ಲೋಕದಲ್ಲಿ ಯಾರಾದ್ರೂ ಓದಿದ್ರಾ ಅಂತ ಪ್ರತಿ ವಾರ ನಿಮ್ಮನ್ನ ಕೇಳ್ತಿದ್ದೆ. ನಾಲ್ಕು ಅಡಿ ದೂರದಲ್ಲಿ ಕೂತಿದ್ರಿ."

ಇಷ್ಟನ್ನೂ ಮೆಲ್ಲಗೇ ಹೇಳಿದರು. ಕೂಗಾಡಿದ್ದರೆ ನಾನೂ ಏನಾದರೂ ಅಂದು ಅತ್ತು ಹಗುರಾಗುತ್ತಿದ್ದೆ. ಇಪ್ಪತ್ತಾರು ವರ್ಷದಲ್ಲಿ ನನ್ನ ಕೈ ಮೇಲೆ ಹಾದುಹೋದ ಪ್ರಬಂಧಗಳು ಎಷ್ಟು ಸಾವಿರವೋ. ಒಂದನ್ನೂ ಓದಿಲ್ಲ. ಯಾರು ಯಾರನ್ನು ಓದಿದರು ಎಂದು ಬರೆದಿಡುವುದರಲ್ಲೇ ವಯಸ್ಸು ಕಳೆಯಿತು. ಹುಡುಗಿಯ ಯಂತ್ರವಾದರೂ ವಾಕ್ಯದವರೆಗೆ ಹೋಗುತ್ತದೆ.

ಫೆಬ್ರವರಿ 23, ಶುಕ್ರವಾರ

ರಜೆ ಹಾಕಿದೆ. ಮೇಷ್ಟ್ರ ಪ್ರಬಂಧವಿರುವ ಸಂಪುಟವನ್ನು ನಿನ್ನೆ ಸಂಜೆಯೇ ಮನೆಗೆ ತಂದಿದ್ದೆ. ಹದಿನಾರು ಪುಟ. ಬೆಳಿಗ್ಗೆ ಎಂಟಕ್ಕೆ ಕೂತವಳು ಮಧ್ಯಾಹ್ನಕ್ಕೆ ಮೂರನೇ ಪುಟದಲ್ಲಿದ್ದೆ. ಅರ್ಧಕ್ಕರ್ಧ ತಲೆ ಮೇಲೆ ಹೋಯಿತು. ಹುಡುಗಿಗೆ ಫೋನ್ ಮಾಡಿ ಒಂದು ಪದ ಕೇಳಿದೆ, ಅವಳಿಗೂ ಗೊತ್ತಿರಲಿಲ್ಲ, ಹುಡುಕಿ ಹೇಳಿದಳು. ಸಂಜೆ ಕೆಲಸ ಮುಗಿಸಿ ಅವಳೇ ಬಂದಳು. ನನ್ನ ಮನೆಯಲ್ಲಿ ಎರಡನೇ ಕುರ್ಚಿಯ ಮೇಲಿದ್ದ ಬಟ್ಟೆ ರಾಶಿ ತೆಗೆಯಬೇಕಾಯಿತು. ಇಬ್ಬರೂ ಕೂತು ಐದನೇ ಪುಟ ಮುಗಿಸಿದೆವು.

ಮೇಷ್ಟ್ರು ಚೆನ್ನಾಗಿ ಬರೆದಿದ್ದಾರೆ. ಒಂದು ಕಡೆ, "ಈ ಗೋಡೆಯ ಬುಡದಲ್ಲಿ ನಾಯಿಯೊಂದು ಮಲಗುವುದರಿಂದ ಕೆಳಗಿನ ಎರಡು ಅಂಗುಲವನ್ನು ಅಳತೆಗೆ ಹಿಡಿದಿಲ್ಲ" ಎಂದಿದ್ದಾರೆ. ನಗು ಬಂತು.

ಫೆಬ್ರವರಿ 26, ಸೋಮವಾರ

ಮುಗಿಯಿತು. ಮತ್ತೆ ಮೊದಲಿಂದ ಓದಿದೆ. ಮೂರು ಪ್ರಶ್ನೆ ಗುರುತು ಹಾಕಿಕೊಂಡಿದ್ದೇನೆ. ಇವತ್ತು ಕಾರ್ಡು ಎಷ್ಟು ಮಾಡಿದೆನೋ ಎಣಿಸಲಿಲ್ಲ.

ಮಾರ್ಚ್ 1, ಗುರುವಾರ

ಅವರು ಬರುವುದಿಲ್ಲ ಎಂದು ಗೊತ್ತಿತ್ತು. ಹನ್ನೊಂದಕ್ಕೆ ನಾನೇ ಹೊರಟೆ. ಹುಡುಗಿ ವಿಳಾಸ ಹುಡುಕಿ ಕೊಟ್ಟಿದ್ದಳು. ಇಷ್ಟು ವರ್ಷದಲ್ಲಿ ಅವರ ಮನೆ ಎಲ್ಲಿ ಎಂದು ನಾನು ಕೇಳಿದವಳಲ್ಲ.

ಎರಡನೇ ಮಹಡಿ. ಬಾಗಿಲು ತೆಗೆದರು, ಯಾರೆಂದು ಕಾಣಲಿಲ್ಲ. "ನಾನು ಮೇಷ್ಟ್ರೇ, ಕಾರ್ಡಕ್ಕ," ಎಂದೆ. ದಾರಿ ಬಿಡದೆ ಹಾಗೇ ನಿಂತರು. ಒಳಗೆ ಗೋಡೆಯುದ್ದಕ್ಕೂ ರಟ್ಟಿನ ಪೆಟ್ಟಿಗೆಗಳು, ಅವುಗಳ ತುಂಬ ಕಾಗದದ ಪೊಟ್ಟಣ.

ಕ್ಷಮಿಸಿ ಎನ್ನಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿ ತಂದಿದ್ದೆ. ಬಾಯಿಗೆ ಬಂದದ್ದು ಬೇರೆ. "ಮೇಷ್ಟ್ರೇ, ನಿಮ್ಮ ನಾಲ್ಕನೇ ಪುಟದಲ್ಲಿ ಹನ್ನೆರಡು ಗೋಡೆ ಅಂತಿದೆ. ಒಂಬತ್ತನೇ ಪುಟದ ಕೋಷ್ಟಕದಲ್ಲಿ ಹನ್ನೊಂದೇ ಇದೆ. ಎರಡು ಸಲ ಎಣಿಸಿದೆ. ಇನ್ನೊಂದು ಗೋಡೆ ಏನಾಯ್ತು?"

ಅವರು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. "ಪುಸ್ತಕ ತಂದಿದ್ದೀರಾ? ಓದಿ."

ಹೊಸ್ತಿಲಲ್ಲೇ ನಿಂತು ಎರಡನ್ನೂ ಓದಿದೆ. ತಲೆ ಬಗ್ಗಿಸಿ ಕೇಳಿದರು. ಮುಗಿದ ಮೇಲೂ ತಲೆ ಎತ್ತಲಿಲ್ಲ.

"ಅಚ್ಚಾಗಿ ಬಂದ ದಿನವೇ ಕಂಡಿತ್ತು ಆ ತಪ್ಪು," ಎಂದರು. "ತಿದ್ದುಪಡಿ ಕಳಿಸೋಣ ಅಂತ ಕಾಗದ ಕೂಡ ಬರೆದಿದ್ದೆ. ಆಮೇಲೆ ಬಿಟ್ಟೆ. ಓದಿದವರು ಯಾರಾದ್ರೂ ಕೇಳೇ ಕೇಳ್ತಾರೆ, ಕೇಳಿದಾಗ ಹೇಳೋಣ ಅಂತ. ಇಪ್ಪತ್ಮೂರು ವರ್ಷ ಆಯ್ತು."

ಒಳಗೆ ಕರೆದರು. ಪೆಟ್ಟಿಗೆ ಸರಿಸಿ ಕುರ್ಚಿ ಕೊಟ್ಟರು. ಆ ಗೋಡೆಯ ಕತೆ ಹೇಳಿದರು.

ಅದು ಒಂದು ಮನೆಯ ಹಿತ್ತಿಲ ಗೋಡೆ. ಹನ್ನೊಂದು ವರ್ಷ ಪ್ರತಿ ತಿಂಗಳೂ ಹೋಗಿ ಅಳೆಯುತ್ತಿದ್ದರು. ಆ ಮನೆಯಾಕೆ ಯಾವಾಗಲೂ ಬಾಗಿಲ ಸಂದಿಯಿಂದ ನೋಡುತ್ತಿದ್ದಳು, ಒಂದು ದಿನವೂ ಮಾತಾಡಿರಲಿಲ್ಲ. ಕೊನೆಯ ಅಳತೆಗೆ ಹೋದ ದಿನ ಗೋಡೆ ಬೆಳ್ಳಗೆ ಹೊಳೆಯುತ್ತಿತ್ತು. ಇಷ್ಟು ಓದಿದ ದೊಡ್ಡ ಮನುಷ್ಯರು ತಿಂಗಳು ತಿಂಗಳೂ ಬಂದು ನಮ್ಮ ಗೋಡೆಯ ಕೊಳೆ ನೋಡಿ ಹೋಗುತ್ತಾರಲ್ಲ, ಎಂಥ ಅವಮಾನ ಎಂದು, ಹಿಂದಿನ ದಿನವೆಲ್ಲ ಕೂತು ಕಲ್ಲಿನಿಂದ ಉಜ್ಜಿ ಉಜ್ಜಿ ತೊಳೆದಿದ್ದಳು. ಅವಳ ಬೆರಳ ಗಂಟುಗಳು ತರಚಿಹೋಗಿದ್ದವು. ಆವತ್ತು ಮೊದಲ ಸಲ ಹೊರಗೆ ಬಂದು, "ಈಗ ಚೆನ್ನಾಗಿದೆಯಾ?" ಎಂದು ಕೇಳಿದಳಂತೆ.

"ನೀವು ಏನಂದ್ರಿ ಮೇಷ್ಟ್ರೇ?"

"ಅವಳ ಕೈ ನೋಡಿದ ಮೇಲೆ ಏನನ್ನಲಿ? ಚೆನ್ನಾಗಿದೆ ತಾಯಿ ಅಂದೆ." ನನ್ನ ದನಿ ಇದ್ದ ಕಡೆಗೆ ಮುಖ ತಿರುಗಿಸಿದರು. "ಹನ್ನೊಂದು ವರ್ಷದ ಕೆಲಸ ತೊಳೆದುಹಾಕಿದ್ಲು. ಒಳ್ಳೇದಾಗಲಿ ಅಂತಲೇ ಮಾಡಿದ್ಲು. ಮನೆಗೆ ಬಂದು ಅತ್ತೆ, ಆದ್ರೆ ಅವಳ ಮೇಲೆ ಸಿಟ್ಟು ಬರ್ಲಿಲ್ಲ ಅಮ್ಮ."

ಪುಸ್ತಕ ತೊಡೆಯ ಮೇಲಿತ್ತು, ಅದರ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ. ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಎರಡನೇ ಪ್ರಶ್ನೆ ಯಾವುದು ಎಂದು ಕೇಳಿದರು.